ಕಲಬೆರಕೆದಾರನಿಗೆ ನೂರಕ್ಕೆ ನೂರು

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಮಿಶ್ರಣಗಳನ್ನು ಬೇರ್ಪಡಿಸುವ ಪಾಠದಷ್ಟು ಅಸಡ್ಡೆಗೆ ಗುರಿಯಾದ ಪಾಠ ಇನ್ನೊಂದಿರಲಾರದು. ಆರಿಸುವುದು, ತೂರುವುದು, ಜರಡಿ ಹಿಡಿಯುವುದು, ಬಸಿಯುವುದು, ಸೋಸುವುದು, ಆವಿಯಾಗಿಸುವುದು ಎಂದು ಉರು ಹೊಡೆದು, ಒಂದೊಂದಕ್ಕೂ ಒಂದು ಉದಾಹರಣೆ ಗೀಚಿದರೆ ಅಂಕ ಬಂತು. ಪರೀಕ್ಷೆ ಮುಗಿದ ಮರುದಿನ ಪಾಠ ಮರೆತೂ ಹೋಯಿತು. ಮರೆಯದೆ ಅದರಿಂದಲೇ ಹೊಟ್ಟೆ ಹೊರೆಯುತ್ತಿರುವ ಹಳೆಯ ವಿದ್ಯಾರ್ಥಿ ಎಂದರೆ ಕಲಬೆರಕೆ ಮಾಡುವವನು. ಆ ಪಾಠದ ಸಾರ ಒಂದೇ ಮಾತು: ಬೆರೆತ ಎರಡು ವಸ್ತುಗಳ ನಡುವೆ ಗಾತ್ರ, ತೂಕ, ಬಣ್ಣ, ಕರಗುವ ಗುಣ, ಇವುಗಳಲ್ಲಿ ಏನಾದರೊಂದು ವ್ಯತ್ಯಾಸ ಇದ್ದೇ ಇರುತ್ತದೆ, ಅದನ್ನು ಹಿಡಿ. ಕಲಬೆರಕೆದಾರ ಇದೇ ಮಾತನ್ನು ಹಿಂದುಮುಂದಾಗಿ ಓದಿಕೊಂಡಿದ್ದಾನೆ: ವ್ಯತ್ಯಾಸವೇ ಸಿಗದಂಥದ್ದನ್ನು ಹುಡುಕಿ ಬೆರೆಸು.

ಮೊರ ಹಿಡಿದು ಕೇರುವ ಹೆಂಗಸರು ಹಿಡಿಯುವುದು ತೂಕದ ವ್ಯತ್ಯಾಸವನ್ನು. ಹೊಟ್ಟು ಹಾರುತ್ತದೆ, ಕಾಳು ಉಳಿಯುತ್ತದೆ. ಅಕ್ಕಿಯಷ್ಟೇ ದಪ್ಪದ ಕಲ್ಲು ಬಂದಾಗ ಜರಡಿ ಕೈಕೊಡುತ್ತದೆ. ಆಗ ನೀರು ಹಾಕಿ ಗಾಳಿಸುತ್ತಾರೆ. ಪಾತ್ರೆ ತಿರುಗಿಸುತ್ತ ಬಗ್ಗಿಸಿದರೆ ಅಕ್ಕಿ ನೀರಿನೊಡನೆ ಸರಿದುಹೋಗುತ್ತದೆ, ಅದಕ್ಕಿಂತ ಭಾರವಾದ ಕಲ್ಲು ತಳದಲ್ಲೇ ಕೂರುತ್ತದೆ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಾಲಗಾರರು ಮರಳನ್ನು ಜಾಲಿಸಿ ಚಿನ್ನ ತೆಗೆಯುತ್ತಿದ್ದುದೂ ಇದೇ ವಿದ್ಯೆಯಿಂದ. ಮರಳು ನೀರಿಗಿಂತ ಎರಡೂವರೆ ಪಟ್ಟಿಗೆ ತುಸು ಹೆಚ್ಚು ಭಾರ, ಚಿನ್ನ 19 ಪಟ್ಟು ಭಾರ. ಅಡುಗೆಮನೆಯಲ್ಲಿ ತಳದಲ್ಲಿ ಉಳಿದದ್ದನ್ನು ಅಂಗಡಿಯವನ ಹೆಸರು ಹಿಡಿದು ಬೈಯುತ್ತ ಎಸೆಯುತ್ತಾರೆ, ಹಳ್ಳದಲ್ಲಿ ಅದನ್ನೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ವಿಧಾನ ಮಾತ್ರ ಒಂದೇ.

ಅಕ್ಕಿಗೆ ಕಲ್ಲು ಬೆರೆಸುವವನು ಈ ಶಾಸ್ತ್ರದಲ್ಲಿ ಇನ್ನೂ ಒಂದನೇ ತರಗತಿ. ಕರಿಮೆಣಸಿಗೆ ಒಣಗಿದ ಪಪ್ಪಾಯಿ ಬೀಜ ಬೆರೆಸುವವನು ನಿಜವಾಗಿ ಪಾಠ ಓದಿದವನು: ಗಾತ್ರ ಸರಿ, ಬಣ್ಣ ಸರಿ, ಮೈಮೇಲಿನ ಸುಕ್ಕೂ ಸರಿ. ತೂಕದ ಸಾಲೊಂದನ್ನು ಓದದೆ ಬಿಟ್ಟದ್ದರಿಂದ ಸಿಕ್ಕಿಬೀಳುತ್ತಾನೆ; ಪಪ್ಪಾಯಿ ಬೀಜ ನೀರಿನಲ್ಲಿ ತೇಲುತ್ತದೆ. ಹಾಲಿಗೆ ನೀರು ಹಾಕುವವನು ಇನ್ನೂ ಮೇಲಿನ ತರಗತಿಯವನು. ಯಾವ ಬಟ್ಟೆಯಲ್ಲಿ ಸೋಸಿದರೂ ಹಾಕಿದ ನೀರು ಬೇರೆಯಾಗಿ ಬರುವುದಿಲ್ಲ. ಹಾಲು ನೀರಿಗಿಂತ ನೂರಕ್ಕೆ ಮೂರು ಪಾಲಿನಷ್ಟು ಹೆಚ್ಚು ಸಾಂದ್ರ ಎಂಬುದನ್ನು ನಂಬಿ ಲ್ಯಾಕ್ಟೋಮೀಟರ್ ಮುಳುಗಿಸಿದರೆ, ಅವನು ಅದನ್ನೂ ಓದಿಕೊಂಡಿರುತ್ತಾನೆ. ಒಂದಿಷ್ಟು ಸಕ್ಕರೆ ಹಾಕಿ ಮಾಪಕವನ್ನು ಸಮಾಧಾನಪಡಿಸುತ್ತಾನೆ. ನಗು ನಿಲ್ಲುವುದು ಸಾಸಿವೆಯ ವಿಷಯಕ್ಕೆ ಬಂದಾಗ. ಅರ್ಜಿಮೋನ್ ಎಂಬ ಕಳೆಗಿಡದ ಬೀಜ ಸಾಸಿವೆಯನ್ನೇ ಹೋಲುತ್ತದೆ. ಕಾಳಾಗಿದ್ದಾಗ ಕಷ್ಟಪಟ್ಟು ಆರಿಸಬಹುದು, ಗಾಣಕ್ಕೆ ಹೋಗಿ ಎಣ್ಣೆಯಾದ ಮೇಲೆ ಯಾವ ಮೊರವೂ ಇಲ್ಲ, ಜರಡಿಯೂ ಇಲ್ಲ. 1998ರಲ್ಲಿ ದೆಹಲಿಯಲ್ಲಿ ಅಂಥ ಎಣ್ಣೆ ತಿಂದ ಸುಮಾರು 60 ಮಂದಿ ಸತ್ತರು.

ಈಗ ಪೊಟ್ಟಣದ ಅಕ್ಕಿ ಬರುತ್ತದೆ, ಮೊರದ ಪಾಠ ಯಾರಿಗೆ ಬೇಕು ಎಂದು ಕೇಳಬಹುದು. ಆ ಪೊಟ್ಟಣದ ಹಿಂದೆಯೂ ಕ್ಯಾಮೆರಾದಿಂದ ಕರಿ ಅಕ್ಕಿಯನ್ನು ಗುರುತಿಸಿ ಗಾಳಿಯಿಂದ ಊದಿ ತೆಗೆಯುವ ಯಂತ್ರವಿದೆ. ಅದು ಕೈಯಿಲ್ಲದೆ ಆರಿಸುತ್ತದೆ, ಅಷ್ಟೆ. ನಿಜವಾದ ರಸಾಯನಶಾಸ್ತ್ರ ಕ್ರಿಯೆ–ಪ್ರತಿಕ್ರಿಯೆಗಳಲ್ಲಿದೆ, ಇದೆಲ್ಲ ಅಡುಗೆಮನೆ ವಿದ್ಯೆ ಎಂಬ ಆಕ್ಷೇಪ ಸ್ವಲ್ಪ ಗಟ್ಟಿಯಾದದ್ದು. ಆದರೆ ಯುರೇನಿಯಂ ಮುಂದೆ ಆ ರಸಾಯನಶಾಸ್ತ್ರವೇ ಕೈಚೆಲ್ಲುತ್ತದೆ. ನಿಸರ್ಗದ ಯುರೇನಿಯಂನಲ್ಲಿ ನಮಗೆ ಬೇಕಾದ ಯುರೇನಿಯಂ–235 ಎಂಬ ಬಗೆ ಇರುವುದು ನೂರಕ್ಕೆ 0.7 ಪಾಲು, ಉಳಿದದ್ದು ಬಹುಪಾಲು 238. ರಾಸಾಯನಿಕ ಸ್ವಭಾವದಲ್ಲಿ ಇಬ್ಬರೂ ಅವಳಿಗಳು, ಇರುವುದು ತೂಕದ ಒಂದಿಷ್ಟು ಅಂತರ. ಹಾಗಾಗಿ ಅನಿಲವಾಗಿಸಿ ಮಹಾವೇಗದಲ್ಲಿ ತಿರುಗಿಸುತ್ತಾರೆ, ಭಾರವಾದದ್ದು ಗೋಡೆಯ ಕಡೆಗೆ ಸರಿಯುತ್ತದೆ. ಮೈಸೂರಿನ ಬಳಿಯ ಸ್ಥಾವರದಲ್ಲಿ ನಡೆಯುವುದೂ ಇದೇ. ಯುರೇನಿಯಂ ಬಗ್ಗೆ ದೇಶದೇಶಗಳ ರಾಯಭಾರಿಗಳು ನಿದ್ದೆಗೆಟ್ಟು ಚರ್ಚಿಸುವುದು, ಎಳೆದು ನೋಡಿದರೆ, ತೂರುವ ಪಾಠದ ಮುಂದುವರಿದ ಭಾಗವನ್ನೇ.

ಆದ್ದರಿಂದ ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಒಂದು ಮನವಿ: ಉಪ್ಪು–ಮರಳು ಬೇರ್ಪಡಿಸುವ ಪ್ರಶ್ನೆಗೆ ವಿಶ್ರಾಂತಿ ಕೊಟ್ಟು, ಒಂದು ಹಿಡಿ ಮೆಣಸು ಕೊಟ್ಟು ಪರೀಕ್ಷಿಸಲು ಹೇಳಿ. ಓದುಗರೂ ಮನೆಯಲ್ಲಿ ಮಾಡಿ ನೋಡಬಹುದು. ತೇಲಿದ್ದೆಲ್ಲ ಪಪ್ಪಾಯಿ ಎಂದು ಅಂಗಡಿಗೆ ಜಗಳಕ್ಕೆ ಓಡಬೇಡಿ, ಜಳ್ಳು ಮೆಣಸೂ ತೇಲುತ್ತದೆ. ದುಡ್ಡು ಮಾತ್ರ ಎರಡಕ್ಕೂ ಒಂದೇ ದರದಲ್ಲಿ ಕೊಟ್ಟಿರುತ್ತೀರಿ.