ಹಂತಹಂತದ ಸೈಕಲ್ ಪಂದ್ಯದ ಮೈಸೂರು ಮೂಲ: ಒಂದು ಗಜಶಾಸ್ತ್ರೀಯ ವಿವೇಚನೆ

ಯುರೋಪಿನ ದೊಡ್ಡ ಸೈಕಲ್ ಪಂದ್ಯಗಳನ್ನು ಕುರಿತು ಇದುವರೆಗೆ ಬರೆದ ಪಂಡಿತರೆಲ್ಲ ಬುಡದಲ್ಲೇ ಎಡವಿದ್ದಾರೆಂದು ತೋರಿಸುವುದು ಈ ಪ್ರಬಂಧದ ಉದ್ದೇಶ. ಅವರು ಟೂರ್ ಡಿ ಫ್ರಾನ್ಸನ್ನು ಪಂದ್ಯ ಎಂದುಕೊಂಡರು. ಪಂದ್ಯವಾದರೆ ತ್ರಾಣವಿದ್ದವನು ಮುಂದೆ ಹೋಗಬೇಕು, ಇಲ್ಲದವನು ಹಿಂದೆ ಬೀಳಬೇಕು. ಅಲ್ಲಿ ನಡೆಯುವುದೇ ಬೇರೆ. 21 ಹಂತ, ಮೂರು ವಾರ, ಮೂರು ಸಾವಿರಕ್ಕೂ ಮೀರಿದ ಕಿಲೋಮೀಟರು. ತಂಡಕ್ಕೆ ಎಂಟು ಸವಾರರು. ಒಟ್ಟಾರೆ ಗೆಲ್ಲುವ ಆಸೆಯಿರುವ ತಂಡದಲ್ಲಿ ಎಂಟರ ಪೈಕಿ ಏಳು ಮಂದಿಗೆ ತಾವೇ ಗೆಲ್ಲುವ ಯೋಚನೆಯೂ ಸಲ್ಲದು. ಒಬ್ಬ ಹಿಂದಿನ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು ತರುತ್ತಾನೆ, ಇನ್ನೊಬ್ಬ ಗಾಳಿಗೆ ಎದೆ ಕೊಡುತ್ತಾನೆ. 1934ರಲ್ಲಿ ರೆನೆ ವಿಯೆಟೊ ಎಂಬ ಎಳೆಯ ಹುಡುಗ ತನ್ನ ಗಾಲಿಯನ್ನೇ ನಾಯಕ ಆಂತೊನ್ಯಾಂ ಮಾನ್ಯನಿಗೆ ಬಿಚ್ಚಿಕೊಟ್ಟು ರಸ್ತೆ ಬದಿಯ ಗೋಡೆಯ ಮೇಲೆ ಅಳುತ್ತ ಕೂತ; ಫ್ರೆಂಚರು ಅವನನ್ನು ಇಂದಿಗೂ ಗೆದ್ದವನಿಗಿಂತ ಹೆಚ್ಚು ನೆನೆಯುತ್ತಾರೆ. ಒಟ್ಟಾರೆ ಮುಂದಿರುವ ಹಳದಿ ಜೆರ್ಸಿಯವನು ಮೂತ್ರಕ್ಕೆ ನಿಂತರೆ ಎದುರಾಳಿಗಳೂ ವೇಗ ತಗ್ಗಿಸುತ್ತಾರೆ. ಪಂದ್ಯವೆಂದು ನೋಡಿದವರಿಗೆ ಇದೆಲ್ಲ ಒಗಟು. ಮೆರವಣಿಗೆ ಎಂದು ನೋಡಿದರೆ ಒಗಟೇ ಇಲ್ಲ. ವಿಜಯದಶಮಿಯ ದಿನ ಬೆಳಗಿನಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹಿಡಿದು, ಕಡಲೆಕಾಯಿ ಸುಲಿಯುತ್ತ ಸಂಜೆಯವರೆಗೆ ಕಾಯುವ ಮೈಸೂರಿಗನಿಗಂತೂ ಇದು ತಲೆಮಾರುಗಳಿಂದ ಗೊತ್ತಿರುವ ಶಾಸ್ತ್ರ.

ಕಾಲನಿರ್ಣಯದಿಂದಲೇ ಆರಂಭಿಸೋಣ. ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದ್ದು 1610ರಲ್ಲಿ. ಆನ್ರಿ ದೆಗ್ರಾಂಜ್ ಎಂಬ ಸಂಪಾದಕ ತನ್ನ ಪತ್ರಿಕೆಯ ಮಾರಾಟ ಹೆಚ್ಚಿಸಲು ಟೂರ್ ನಡೆಸಿದ್ದು 1903ರಲ್ಲಿ, ಅದೂ ಬರೀ ಆರು ಹಂತದ್ದು. ಮೊದಲು ಹುಟ್ಟಿದ್ದು ಮೂಲ, ಆಮೇಲೆ ಹುಟ್ಟಿದ್ದು ನಕಲು ಎಂಬ ಸಂಶೋಧನಾ ನಿಯಮವನ್ನು ಯಾರೂ ಅಲ್ಲಗಳೆಯಲಾರರು. ಮೈಸೂರಿನ ವಿದ್ಯೆ ಫ್ರಾನ್ಸಿಗೆ ಹೋದದ್ದು ಹೇಗೆ ಎಂಬ ಪ್ರಶ್ನೆಗೂ ಉತ್ತರವಿದೆ. 1788ರಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿ 16ನೇ ಲೂಯಿಯನ್ನು ಕಂಡರು. ಅಲ್ಲಿ ಅವರು ಜಂಬೂ ಸವಾರಿಯ ಮಾತೆತ್ತಿದರು ಎನ್ನುವುದಕ್ಕೆ ದಾಖಲೆಯಿಲ್ಲ. ಎತ್ತಲಿಲ್ಲ ಎನ್ನುವುದಕ್ಕೂ ಇಲ್ಲ. ಇದಕ್ಕಿಂತ ತೆಳುವಾದ ಆಧಾರದ ಮೇಲೆ ನಮ್ಮಲ್ಲಿ ಪಿಎಚ್.ಡಿ.ಗಳು ಬಂದಿವೆ. ಆಗ ಸೈಕಲ್ಲೇ ಇರಲಿಲ್ಲವಲ್ಲ, ಜರ್ಮನಿಯ ಡ್ರೈಸ್ ತನ್ನ ಎರಡು ಗಾಲಿಯ ಮರದ ಯಂತ್ರ ಓಡಿಸಿದ್ದು 1817ರಲ್ಲಲ್ಲವೆ ಎಂದು ಕೆಲವರು ಕೇಳುತ್ತಾರೆ. ನಿಜವೇ. ತತ್ವ ಮೊದಲು ತಲುಪಿತು, ವಾಹನ ತಡವಾಯಿತು. ಆನೆಯಿಲ್ಲದ ದೇಶದಲ್ಲಿ ಅಷ್ಟು ಕಾಲ ಕಾಯದೆ ಬೇರೆ ದಾರಿ ಏನಿತ್ತು?

ಇನ್ನು ರಚನೆಯ ಸಾಕ್ಷ್ಯ. ಟೂರಿನಲ್ಲಿ ಪ್ರತಿ ಹಂತಕ್ಕೂ ಎರಡು ಆರಂಭ: ಊರ ಜನ ನೋಡಲೆಂದು ನಿಧಾನವಾಗಿ ಸಾಗುವ ಶಾಸ್ತ್ರದ ಆರಂಭ ಒಂದು, ಊರಾಚೆ ಬಾವುಟ ಬೀಸಿದ ಮೇಲಿನ ನಿಜವಾದ ಆರಂಭ ಇನ್ನೊಂದು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಮಂತ್ರಿಗಳು ಪೂಜೆ ಮಾಡಿ, ಆನೆಗಳು ನಾಲ್ಕು ಹೆಜ್ಜೆ ನಡೆದು ಫೋಟೊ ಆದ ಮೇಲೆ ಲಾರಿ ಹತ್ತುತ್ತವೆ. ಹಿಂದೆ ದಾರಿಯುದ್ದಕ್ಕೂ ನಡೆದೇ ಬರುತ್ತಿದ್ದವು. ಟೂರಿನ ಸವಾರರೂ ಒಂದು ಹಂತ ಮುಗಿದ ಊರಿನಿಂದ ಮುಂದಿನದು ಶುರುವಾಗುವ ಊರಿಗೆ ಬಸ್ಸಿನಲ್ಲಿ ಹೋಗುತ್ತಾರಾದ್ದರಿಂದ ಲಾರಿಯ ಬಗ್ಗೆ ನಾವು ನಾಚಬೇಕಾಗಿಲ್ಲ. ಬಳಿಕ ಅರಣ್ಯ ಭವನದಲ್ಲಿ ತಂಗುವುದು, ಜಯಮಾರ್ತಾಂಡ ದ್ವಾರದಲ್ಲಿ ಸ್ವಾಗತ, ಧನ್ವಂತರಿ ರಸ್ತೆಯ ವೇಬ್ರಿಡ್ಜಿನಲ್ಲಿ ತೂಕ, ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರಿನ ದಿನನಿತ್ಯದ ತಾಲೀಮು, ಮೊದಲು ಬರಿಮೈಯಲ್ಲಿ, ಆಮೇಲೆ ಬೆನ್ನಿಗೆ ಗಾದಿ, ನಮ್ದಾ ಕಟ್ಟಿ ಮರಳು ಮೂಟೆ ಹೊರಿಸಿ, ಕೊನೆಗೆ ಮರದ ಅಂಬಾರಿ ಇಟ್ಟು. ಇಷ್ಟಾದ ಮೇಲೆ ಅಂತಿಮ ಹಂತ. ಅದರ ಮುಂದೆ ಜಿಲ್ಲೆಗೊಂದರಂತೆ ಸ್ತಬ್ಧಚಿತ್ರಗಳು. ಟೂರಿನಲ್ಲೂ ಸವಾರರು ಬರುವ ಮೊದಲು ಚೀಸು, ಬಿಸ್ಕತ್ತಿನ ಕಂಪನಿಗಳ ಅಲಂಕೃತ ವಾಹನಗಳ ಸಾಲು ಹೋಗುತ್ತದೆ. 1930ರಿಂದ ಅದೊಂದು ಸಂಪ್ರದಾಯ. ಗ್ರಾಮೀಣ ನೈರ್ಮಲ್ಯದ ಸ್ತಬ್ಧಚಿತ್ರಕ್ಕೂ ಚೀಸಿನ ಗಾಡಿಗೂ ಕಲಾಮೌಲ್ಯದಲ್ಲಿ ಹೆಚ್ಚು ವ್ಯತ್ಯಾಸ ಕಾಣದು. ಆದರೆ ಅವರು ಜನರತ್ತ ಬಿಟ್ಟಿ ಪೊಟ್ಟಣ ಎಸೆಯುತ್ತಾರೆ ಎಂಬುದನ್ನು ನಮ್ಮ ಸಮಿತಿಗಳು ಗಮನಿಸಬೇಕು.

ರಣನೀತಿಯ ತಿರುಳು ಭಾರ ಹೊರುವುದರಲ್ಲಿದೆ. 750 ಕಿಲೋ ತೂಗುವ ಚಿನ್ನದ ಅಂಬಾರಿಯನ್ನು ಹೊರುವ ಆನೆ ಒಂದೇ. ಆದರೆ ಈಚಿನ ವರ್ಷಗಳಲ್ಲಿ ಕಾಡಿನ ಶಿಬಿರಗಳಿಂದ ಬರುವ ಆನೆಗಳು 14. ಒಂದು ನಿಶಾನೆ ಆನೆ, ಒಂದು ನೌಫತ್ ಆನೆ, ಮಿಕ್ಕವು ಸಾಲಾನೆ. ಅಂಬಾರಿ ಆನೆಯ ಎಡಬಲಕ್ಕೆ ಎರಡು ಹೆಣ್ಣಾನೆಗಳು, ಅವೇ ಕುಮ್ಕಿ. ಸೈಕಲ್ ಪರಿಭಾಷೆಯಲ್ಲಿ ಡೊಮೆಸ್ಟಿಕ್ ಎಂದು ಕರೆಸಿಕೊಳ್ಳುವವನ ಕರ್ತವ್ಯಗಳೆಲ್ಲ ಈ ಕುಮ್ಕಿಯವೇ: ನಾಯಕನ ಹೆಗಲಿಗೆ ಹೆಗಲು ಕೊಟ್ಟು ನಡೆಯುವುದು, ಅವನು ಬೆದರದಂತೆ ನೋಡಿಕೊಳ್ಳುವುದು, ಮರುದಿನದ ಪತ್ರಿಕೆಯ ಫೋಟೊದಲ್ಲಿ ಅರ್ಧ ಕಿವಿಯಷ್ಟೇ ಕಾಣಿಸುವುದು. ವಿಜೇತನ ಬಣ್ಣದ ವಿಷಯವನ್ನೂ ಇಲ್ಲೇ ಹೇಳಬೇಕು. ಹಳದಿ ಜೆರ್ಸಿ ಬಂದದ್ದು 1919ರಲ್ಲಿ. ಸಂಘಟಕರ ಪತ್ರಿಕೆಯ ಕಾಗದ ಹಳದಿಯಾಗಿದ್ದುದೇ ಕಾರಣ ಎನ್ನುತ್ತಾರೆ. ಮೊದಲು ತೊಟ್ಟ ಯೂಜೆನ್ ಕ್ರಿಸ್ತೋಫನನ್ನು ಜನ ಕ್ಯಾನರಿ ಹಕ್ಕಿ ಎಂದು ರೇಗಿಸಿದರಂತೆ. ಅಂಬಾರಿ ಹೊತ್ತ ಆನೆಯನ್ನು ಹಕ್ಕಿ ಎಂದು ರೇಗಿಸಿದ ನಿದರ್ಶನ ಮೈಸೂರಿನಲ್ಲಿ ಇಲ್ಲ. ಬಂಗಾರವನ್ನು ಬಟ್ಟೆಯಲ್ಲಿ ಅನುಕರಿಸಿದರೆ ಆಗುವ ಅವಸ್ಥೆ ಅದು. ಭಾರವನ್ನೂ ಅವರು ಅರ್ಥಮಾಡಿಕೊಳ್ಳಲಿಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸೈಕಲ್ಲಿನ ಕನಿಷ್ಠ ತೂಕವನ್ನು 6.8 ಕಿಲೋ ಎಂದು ಗೊತ್ತುಮಾಡಿದೆ. ತಂಡಗಳು ಅದಕ್ಕಿಂತ ಒಂದು ಗ್ರಾಂ ಹೆಚ್ಚಾಗದ ಹಾಗೆ ತಿಣುಕುತ್ತವೆ. ಗೌರವವನ್ನು ಕಿಲೋ ಲೆಕ್ಕದಲ್ಲಿ ಹೊರಬೇಕು ಎಂಬ ಮೂಲ ಸೂತ್ರ ಸಮುದ್ರ ದಾಟುವಾಗ ತಲೆಕೆಳಗಾಗಿದೆ.

ನಾಯಕತ್ವ ಕೈಬದಲಾಗುವ ರೀತಿಯಲ್ಲಿ ನಕಲಿನ ದೋಷ ಇನ್ನೂ ಎದ್ದು ಕಾಣುತ್ತದೆ. 2011ರವರೆಗೆ ಅಂಬಾರಿ ಹೊತ್ತ ಬಲರಾಮ, ಮರುವರ್ಷ ಅದು ಅರ್ಜುನನ ಬೆನ್ನೇರಿದಾಗ ತಾನು ನಿಶಾನೆ ಆನೆಯಾಗಿ ಮುಂದೆ ನಡೆದ. ಮುನಿಸಿಲ್ಲ, ಪತ್ರಿಕಾಗೋಷ್ಠಿಯಿಲ್ಲ. 2020ರಿಂದ ಅಂಬಾರಿ ಹೊರುತ್ತಿರುವ ಅಭಿಮನ್ಯು ಅದಕ್ಕೂ ಹಿಂದೆ ಬ್ಯಾಂಡಿನವರು ಕೂರುವ ಆನೆಗಾಡಿ ಎಳೆಯುತ್ತಿದ್ದವನು; ಬೆನ್ನ ಹಿಂದೆ ಕಹಳೆ, ಡೋಲು ಕೇಳುತ್ತ ಕೇಳುತ್ತಲೇ ಬಡ್ತಿಗೆ ಕಾದ. ಇದಕ್ಕೆ ಎದುರಾಗಿ 1986ರ ಫ್ರಾನ್ಸನ್ನು ನೋಡಿ. ಹಿಂದಿನ ವರ್ಷ ತನಗೆ ನೆರವಾದ ಗ್ರೆಗ್ ಲೆಮಾಂಡನಿಗೆ ಈ ಸಲ ನಾನು ದುಡಿಯುತ್ತೇನೆ ಎಂದು ಮಾತುಕೊಟ್ಟ ಬರ್ನಾರ್ಡ್ ಹಿನೊ, ಪಂದ್ಯ ಶುರುವಾದ ಮೇಲೆ ಅವನನ್ನೇ ಬಿಟ್ಟು ಮುಂದಕ್ಕೆ ನುಗ್ಗಿದ. ಕೇಳಿದರೆ ಎದುರಾಳಿಗಳನ್ನು ದಣಿಸುತ್ತಿದ್ದೆ ಎಂದ. ಕೊನೆಗೆ ಗೆದ್ದದ್ದು ಲೆಮಾಂಡನೇ, ಆದರೆ ಊಟದ ಮೇಜು ಇಬ್ಭಾಗವಾಯಿತು. 2012ರಲ್ಲಿ ಲಾ ತೂಸ್ವೀರ್ ಏರಿನಲ್ಲಿ ಕ್ರಿಸ್ ಫ್ರೂಮ್ ತನ್ನ ನಾಯಕ ವಿಗಿನ್ಸ್‌ನನ್ನು ಹಿಂದೆ ಹಾಕಿ ಹೊರಟಾಗ ಕಿವಿಯ ರೇಡಿಯೊದಲ್ಲಿ ಆದೇಶ ಬಂದು ನಿಧಾನಿಸಿದ. ಮರುವರ್ಷ ತಾನೇ ಗೆದ್ದ. ಕತ್ತಿನ ಮೇಲೆ ಮಾವುತ ಕೂತಿದ್ದರೆ ರೇಡಿಯೊ ಬೇಕಾಗುತ್ತಿರಲಿಲ್ಲ.

ಈಗ ಶಿಷ್ಟಾಚಾರಕ್ಕೆ ಬರೋಣ. ಬರೆದಿಡದ ಎರಡು ಕಟ್ಟಳೆಗಳು ಮುಖ್ಯವಾದವು. ಒಂದು, ಬಿದ್ದ ನಾಯಕನಿಗೆ ಕಾಯಬೇಕು. 2022ರಲ್ಲಿ ಇಳಿಜಾರಿನಲ್ಲಿ ಪೊಗಾಚರ್ ಜಾರಿ ಬಿದ್ದಾಗ ವಿಂಗೆಗಾರ್ಡ್ ಕಾದ. ಎದ್ದು ಬಂದವನು ಕೈ ಚಾಚಿ ಕುಲುಕಿದ. 2010ರಲ್ಲಿ ಹಳದಿ ಜೆರ್ಸಿಯ ಆಂಡಿ ಶ್ಲೆಕ್‌ನ ಚೈನು ಕಳಚಿದಾಗ ಕೊಂಟಡೋರ್ ಕಾಯಲಿಲ್ಲ. ಅಂದು ಗಳಿಸಿದ್ದು 39 ಸೆಕೆಂಡು, ಪ್ಯಾರಿಸಿನಲ್ಲಿ ಒಟ್ಟಾರೆ ಗೆದ್ದ ಅಂತರವೂ 39 ಸೆಕೆಂಡು. ಸಂಜೆಯೇ ಕ್ಷಮೆ ಕೇಳಿದ. ಮುಂದೆ ಮದ್ದಿನ ಪ್ರಕರಣದಲ್ಲಿ ಪದವಿಯೇ ಕೈತಪ್ಪಿ ಶ್ಲೆಕ್‌ಗೆ ಹೋಯಿತು. ಚಾಮುಂಡೇಶ್ವರಿ ಎಲ್ಲೆಲ್ಲಿ ಕಣ್ಣಿಟ್ಟಿರುತ್ತಾಳೆ ಎನ್ನುವುದಕ್ಕೆ ಇದು ಸಾಕು. ಎರಡನೆಯ ಕಟ್ಟಳೆ, ಊಟದ ಜಾಗದಲ್ಲಿ ಮೇಲೆ ಬೀಳಬಾರದು. ಸವಾರರು ಕೈಚೀಲದಲ್ಲಿ ಊಟ ಹಿಡಿದುಕೊಳ್ಳುವಾಗ ದಾಳಿ ಮಾಡಿದವನನ್ನು ಇಡೀ ಗುಂಪು ವರ್ಷಗಟ್ಟಲೆ ಮರೆಯುವುದಿಲ್ಲ. ಇಲ್ಲಿ ನಮ್ಮ ಕಡೆಯಿಂದಲೂ ಒಂದು ಅಪವಾದವನ್ನು ಒಪ್ಪಲೇಬೇಕು. 2024ರ ಸೆಪ್ಟೆಂಬರಿನ ಒಂದು ರಾತ್ರಿ ಅರಮನೆ ಆವರಣದಲ್ಲಿ ಊಟದ ಹೊತ್ತಿನಲ್ಲಿ ದಸರಾ ಆನೆಗಳ ಪೈಕಿ ಧನಂಜಯ ಕಂಜನ್ ಮೇಲೆ ಬಿದ್ದ. ಕಂಜನ್ ದ್ವಾರ ದಾಟಿ ರಸ್ತೆಗೇ ಬಂದ, ಧನಂಜಯ ಬೆನ್ನಟ್ಟಿದ. ಜನ ದಿಕ್ಕಾಪಾಲಾಗಿ ಓಡಿದರು. ಮಾವುತರು ಸಮಾಧಾನಪಡಿಸಿ ಒಳಗೆ ಕರೆತಂದರು. ಭತ್ತ, ಬೆಲ್ಲ, ತೆಂಗಿನಕಾಯಿ ಇಟ್ಟು ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಕುಸುರೆ ಯಾರ ತಾಳ್ಮೆಯನ್ನಾದರೂ ಪರೀಕ್ಷಿಸುವಂಥದ್ದು ಎಂಬುದನ್ನು ಗಮನದಲ್ಲಿಟ್ಟರೂ, ಸೈಕಲ್ ಪರಿಭಾಷೆಯಲ್ಲಿ ಇದನ್ನು ಊಟದ ವಲಯದಲ್ಲಿ ನಡೆದ ದಾಳಿ ಮತ್ತು ಬ್ರೇಕ್‌ಅವೇ ಎಂದೇ ದಾಖಲಿಸಬೇಕಾಗುತ್ತದೆ. ಅಪವಾದವೇ ನಿಯಮಕ್ಕೆ ಪುರಾವೆ.

ಆಕ್ಷೇಪಗಳನ್ನು ಎದುರಿಸದೆ ಶಾಸ್ತ್ರ ನಿಲ್ಲದು. ಮೊದಲನೆಯದು ಗಾಳಿಯದು. ಸೈಕಲ್ಲಿನ ರಣನೀತಿಯೆಲ್ಲ ಗಾಳಿ ತಪ್ಪಿಸಿಕೊಳ್ಳುವುದರಲ್ಲಿದೆ. 121 ಸವಾರರ ಗುಂಪಿನ ಮೇಲೆ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಗುಂಪಿನ ನಡುಹಿಂಬದಿಯಲ್ಲಿರುವವನಿಗೆ ಒಂಟಿ ಸವಾರನಿಗೆ ತಗಲುವ ಗಾಳಿಯ ತಡೆಯಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಮಾತ್ರ. ಗಂಟೆಗೆ ನಾಲ್ಕೈದು ಕಿಲೋಮೀಟರು ನಡೆಯುವ ಆನೆಗೆ ಗಾಳಿ ಯಾವ ಲೆಕ್ಕ? ಲೆಕ್ಕವಲ್ಲ, ಒಪ್ಪೋಣ. ಆನೆಗಳು ಪರಸ್ಪರ ಮರೆಮಾಡುವುದು ಗಾಳಿಯನ್ನಲ್ಲ, ಗದ್ದಲವನ್ನು. ಪುಷ್ಪಾರ್ಚನೆಯ ಹೊತ್ತಿಗೆ 21 ಕುಶಾಲತೋಪು ಸಿಡಿಯುತ್ತವೆ. ಅದಕ್ಕೆಂದೇ ವಾರಗಳ ಮೊದಲು ಆನೆ, ಕುದುರೆಗಳಿಗೆ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರೆ. ಫ್ರಾನ್ಸಿನಲ್ಲಿ ಈ ತಾಲೀಮು ಇಲ್ಲದ್ದರಿಂದಲೇ 2021ರ ಮೊದಲ ಹಂತದಲ್ಲಿ ಅಜ್ಜ ಅಜ್ಜಿಗೆ ರಟ್ಟಿನ ಫಲಕದಲ್ಲಿ ಸಂದೇಶ ಬರೆದು ಕ್ಯಾಮೆರಾ ಕಡೆ ಹಿಡಿದ ಒಬ್ಬ ಪ್ರೇಕ್ಷಕಿಯಿಂದಾಗಿ ಗುಂಪಿಗೆ ಗುಂಪೇ ನೆಲಕ್ಕುರುಳಿತು. ಎರಡನೆಯ ಆಕ್ಷೇಪ: ಜಂಬೂ ಸವಾರಿಯಲ್ಲಿ ಗೆದ್ದವರೇ ಇಲ್ಲವಲ್ಲ? ಟೂರಿನಲ್ಲಿ ಮಾತ್ರ ಎಷ್ಟು ಮಂದಿ ಗೆಲ್ಲುತ್ತಾರೆ? ಒಟ್ಟಿಗೆ ಗುರಿ ಮುಟ್ಟಿದ ಗುಂಪಿಗೆಲ್ಲ ಒಂದೇ ಸಮಯ ಬರೆಯುವುದು ಅಲ್ಲಿನ ನಿಯಮ. 1989ರಲ್ಲಿ 3,285 ಕಿಲೋಮೀಟರು ತುಳಿದ ಮೇಲೆ ಲೆಮಾಂಡನಿಗೂ ಫಿನ್ಯೋನನಿಗೂ ಉಳಿದ ಅಂತರ ಎಂಟು ಸೆಕೆಂಡು. ಎಂಟು ಸೆಕೆಂಡನ್ನು ಅಂತರವೆಂದು ಕರೆಯಲು ಮೈಸೂರಿನ ಯಾವ ಮುಹೂರ್ತವೂ ಒಪ್ಪುವುದಿಲ್ಲ. ಇಲ್ಲಿ ಗಣ್ಯರು ತಡವಾದರೆ ಲಗ್ನವೇ ಕಾಯುತ್ತದೆ. ವೇಗದ ಆಕ್ಷೇಪವೂ ನಿಲ್ಲದು. ಕೊನೆಯ ದಿನ ಪ್ಯಾರಿಸ್ ಸೇರುವವರೆಗೆ ಸವಾರರು ಷಾಂಪೇನ್ ಲೋಟ ಹಿಡಿದು ಹರಟುತ್ತ ಸಾಗುವುದು ಹಳೆಯ ಸಂಪ್ರದಾಯ. ಬೇರೆಲ್ಲ ಬಿಡಿ, 2008ರಿಂದ ಮೈಸೂರು ದಾಟಿ ಊಟಿಗೆ ಹತ್ತುವ ಟೂರ್ ಆಫ್ ನೀಲಗಿರೀಸ್‌ನವರೇ ಇದು ಪಂದ್ಯವಲ್ಲ, ಪ್ರವಾಸ, ಆಯ್ದ ತುಣುಕುಗಳಿಗಷ್ಟೇ ಗಡಿಯಾರ ಹಿಡಿಯುತ್ತೇವೆ ಎನ್ನುತ್ತಾರೆ. ಮೂಲದ ಹತ್ತಿರವಿದ್ದವರಿಗೆ ವಿಷಯ ಬೇಗ ಹೊಳೆಯುತ್ತದೆ.

ಉದ್ದೀಪನ ಮದ್ದಿನ ವಿಷಯದಲ್ಲಂತೂ ನಾವು ಬಹಳ ಮುಂದಿದ್ದೇವೆ. ಗಂಡಾನೆಗೆ ಮದ ಬಂದಾಗ ಟೆಸ್ಟೋಸ್ಟೆರಾನ್ ಹಲವು ಪಟ್ಟು ಏರುತ್ತದೆ. ಕಪೋಲದಿಂದ ಸ್ರಾವ ಇಳಿಯುವುದು ಬರಿಗಣ್ಣಿಗೇ ಕಾಣುತ್ತದೆ. ಅಂಥ ಆನೆಯನ್ನು ದಸರೆಗೆ ಕರೆತರುವುದಿಲ್ಲ. 2006ರಲ್ಲಿ ಫ್ಲಾಯ್ಡ್ ಲ್ಯಾಂಡಿಸ್‌ನ ಮೂತ್ರದಲ್ಲಿ ಇದೇ ಟೆಸ್ಟೋಸ್ಟೆರಾನ್ ಪತ್ತೆಯಾಗಿ ಪದವಿ ಹೋಯಿತು, ಆದರೆ ಅದು ಗೊತ್ತಾಗುವಷ್ಟರಲ್ಲಿ ಮೆರವಣಿಗೆ ಮುಗಿದಿತ್ತು. ಒಬ್ಬ ಕಾವಾಡಿ ಕೆನ್ನೆ ನೋಡಿ ಹೇಳಬಹುದಾದದ್ದಕ್ಕೆ ಅವರಿಗೆ ಪ್ರಯೋಗಾಲಯ ಬೇಕಾಯಿತು. ತಂಡದ ಗಾತ್ರದಲ್ಲೂ ಇಂಥದೇ ಭೇದವಿದೆ. ಟೂರಿನಲ್ಲಿ ಬಿದ್ದು, ಜ್ವರ ಬಂದು ತಂಡ ಕರಗುತ್ತದೆಯೇ ಹೊರತು ಬೆಳೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ದಸರೆಗೆಂದು ಬಂದ ಆನೆ ಲಕ್ಷ್ಮಿ ಅರಮನೆ ಆವರಣದಲ್ಲೇ ಮರಿ ಹಾಕಿತು. ಶ್ರೀದತ್ತಾತ್ರೇಯ ಎಂದು ಹೆಸರಿಟ್ಟರು. ಪಂದ್ಯದ ನಡುವೆ ತಂಡಕ್ಕೆ ಸದಸ್ಯನನ್ನು ಸೇರಿಸಿಕೊಳ್ಳುವ ಈ ಅವಕಾಶ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಇಲ್ಲ.

ಪ್ರೇಕ್ಷಕರ ಪ್ರಸಾದದ ಬಗ್ಗೆಯೂ ಒಂದು ಮಾತು. ಸವಾರರು ಎಸೆದ ಖಾಲಿ ಬಾಟಲಿಗಾಗಿ ಫ್ರಾನ್ಸಿನ ಮಕ್ಕಳು ಮುಗಿಬೀಳುತ್ತಾರೆ. 2021ರಲ್ಲಿ ಒಕ್ಕೂಟ ಗೊತ್ತಾದ ಜಾಗ ಬಿಟ್ಟು ಬೇರೆಡೆ ಬಾಟಲಿ ಎಸೆಯಬಾರದೆಂದಿತು. ಅಭಿಮಾನಿಗಳತ್ತ ಎಸೆದ ಸ್ವಿಸ್ ಸವಾರ ಮಿಖಾಯೆಲ್ ಶಾರ್‌ನನ್ನು ಪಂದ್ಯದಿಂದಲೇ ಹೊರಗಟ್ಟಿತು. ಮೈಸೂರಿನಲ್ಲಿ ಆನೆ ಹಾಕಿದ ಬಿಸಿ ಲದ್ದಿಯನ್ನು ತುಳಿದರೆ ಕಾಲಿಗೆ ಒಳ್ಳೆಯದೆಂದು ದಾರಿ ಬದಿಯ ಮಕ್ಕಳು ಸಾಲುಗಟ್ಟಿ ತುಳಿಯುತ್ತಾರೆ. ಆನೆಯನ್ನು ಇದಕ್ಕಾಗಿ ಯಾರೂ ಅನರ್ಹಗೊಳಿಸಿಲ್ಲ.

ಆದ್ದರಿಂದ ಯುರೋಪಿನ ತಂಡಗಳ ವ್ಯವಸ್ಥಾಪಕರನ್ನು ಆಗಸ್ಟಿನಿಂದ ವಿಜಯದಶಮಿಯವರೆಗೆ ಅರಮನೆ ಆವರಣದಲ್ಲಿ ಕಾವಾಡಿಗಳ ಕೈಕೆಳಗೆ ತರಬೇತಿಗೆ ಇರಿಸಿಕೊಳ್ಳಬೇಕೆಂದು ಈ ಪ್ರಬಂಧ ಶಿಫಾರಸು ಮಾಡುತ್ತದೆ. ವಸತಿಗೆ ಮಾವುತರ ಕುಟುಂಬಗಳ ಪಕ್ಕದಲ್ಲೇ ಒಂದು ಡೇರೆ ಹಾಕಿಸಬಹುದು. ಕೆಲಸಕ್ಕೆ ಬೆಳಿಗ್ಗೆ ಆನೆ ತೊಳೆಯುವುದು, ಮಧ್ಯಾಹ್ನ ಕುಸುರೆ ಕಟ್ಟುವುದು. ಅರ್ಜಿ ಅರಣ್ಯ ಇಲಾಖೆಗೆ ಸಲ್ಲಬೇಕೋ, ಅರಮನೆ ಮಂಡಳಿಗೋ, ಜಿಲ್ಲಾಡಳಿತಕ್ಕೋ ಎಂಬುದು ಮೂರು ಕಚೇರಿ ಸುತ್ತಿದ ಮೇಲೆ ತಿಳಿಯುತ್ತದೆ. ತರಬೇತಿ ಮುಗಿಸಿದವರಿಗೆ ಪ್ರಮಾಣಪತ್ರ ಕೊಡಲು ಅಡ್ಡಿಯಿಲ್ಲ. ಜಂಬೂ ಸವಾರಿಯ ದಿನ ಅರಮನೆಯೊಳಗೆ ಕುಳಿತು ನೋಡಲು ಗೋಲ್ಡ್ ಕಾರ್ಡ್ ಕೇಳಿದರೆ ಮಾತ್ರ, ಪರಿಚಯದ ಶಾಸಕರಿದ್ದರೆ ನೋಡಿ ಎನ್ನಬೇಕಾಗುತ್ತದೆ.