ಪೈಪಿನೊಳಗಿನ ಕೇಬಲ್ಲಿನ ಪರವಾಗಿ ಒಂದು ಬಹಿರಂಗ ಪತ್ರ

ಕ್ಯಾಟಲಾಗ್‌ನ ಮೊದಲ ಕಾಲಂ ಓದಿ ಪುಸ್ತಕ ಮುಚ್ಚುವ ಎಸ್ಟಿಮೇಟ್ ಮಹನೀಯರಿಗೆ,
ಮೊಕ್ಕಾಂ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ

ಮಾನ್ಯರೇ,

ಅರ್ಜಿದಾರ ಕೇಬಲ್ಲಿಗೆ ಬಾಯಿಲ್ಲ, ಆದ್ದರಿಂದ ಈ ಪತ್ರ. ಅದರ ಸೇವಾ ನಿಯಮ ಒಂದೇ ಸಾಲಿನದು: ಎಕ್ಸ್‌ಎಲ್‌ಪಿಇ ಹೊದಿಕೆಯದಾದರೆ ಒಳಗಿನ ತಂತಿ ನಿತ್ಯದ ಕೆಲಸದಲ್ಲಿ 90 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಸಾದಾ ಪಿವಿಸಿಯಾದರೆ 70. ಎಷ್ಟು ಆಂಪ್ ಹೊರಬಲ್ಲದು ಎಂಬುದನ್ನು ತಂತಿಯ ದಪ್ಪವೊಂದೇ ನಿರ್ಧರಿಸುವುದಿಲ್ಲ. ಹುಟ್ಟಿದ ಶಾಖ ಮಣ್ಣಿಗೆ ಇಳಿದುಹೋಗಬೇಕು. ನೆಹರ್, ಮೆಕ್‌ಗ್ರಾತ್ ಎಂಬ ಇಬ್ಬರು ಅಮೆರಿಕನ್ ಎಂಜಿನಿಯರುಗಳು 1957ರಲ್ಲೇ ಇದರ ಲೆಕ್ಕ ಬರೆದಿಟ್ಟಿದ್ದಾರೆ.

ಕ್ಯಾಟಲಾಗ್‌ನಲ್ಲಿ ಸಾಮಾನ್ಯವಾಗಿ ಮೂರು ಕಾಲಂ ಇರುತ್ತವೆ: ನೇರ ಮಣ್ಣಿನಲ್ಲಿ, ಡಕ್ಟ್‌ನಲ್ಲಿ (ಅಂದರೆ ಪೈಪಿನೊಳಗೆ), ಗಾಳಿಯಲ್ಲಿ. ಎಸ್ಟಿಮೇಟಿನವರ ಕಣ್ಣಿಗೆ ಬೀಳುವುದು ಮೊದಲನೆಯದು. ನೆಲ ಅಗೆದ ಮೇಲೆ ಹೂಳುವುದು ಮಾತ್ರ ಎಚ್‌ಡಿಪಿಇ ಪೈಪು. ಆ ಪೈಪಿನ ಅಡ್ಡಸೀಳು ನೋಡಿದರೆ ಸಾಕು: ಕೇಬಲ್ ತಳಕ್ಕೆ ಒಂದು ಗೆರೆಯಷ್ಟು ತಾಗಿ ಬಿದ್ದಿರುತ್ತದೆ, ಉಳಿದದ್ದೆಲ್ಲ ಅಲುಗಾಡದ ಗಾಳಿ. ಬೇಸಿಗೆಯಲ್ಲಿ ಹೊದ್ದ ರಗ್ಗಿನಂತೆ ಅದು ಶಾಖವನ್ನು ಒಳಗೇ ಹಿಡಿಯುತ್ತದೆ. ಪರಿಣಾಮ, ಅದೇ ಕೇಬಲ್ಲು ಸುಮಾರು ಶೇ. 10ರಿಂದ 20ರಷ್ಟು ಕಡಿಮೆ ಕರೆಂಟ್ ಹೊರುತ್ತದೆ. ಮೊದಲ ಕಾಲಂ ನಂಬಿ ಶೇ. 20 ಹೆಚ್ಚು ಹರಿಸಿದರೆ ಶಾಖ ಹೆಚ್ಚುವುದು ಶೇ. 20 ಅಲ್ಲ, 44. ಅದು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ.

ಇನ್ನು ಖರ್ಚು ಉಳಿಸುವ ಜಾಣ್ಮೆ. ಒಂದೇ ಗುಂಡಿಯಲ್ಲಿ ಆರು ಪೈಪು, ಒತ್ತೊತ್ತಾಗಿ! ಹೀಗೆ ಮಲಗಿಸಿದ ಆರೂ ಕೇಬಲ್‌ಗಳು ಪೂರ್ತಿ ಹೊರೆ ಹೊತ್ತರೆ ಒಂದೊಂದಕ್ಕೂ ಉಳಿಯುವುದು ಡಕ್ಟ್ ಕಾಲಂನ ಸುಮಾರು ಶೇ. 60. ಎರಡೇ ಆದರೂ ಶೇ. 85.

ಈ ಊರುಗಳ ಮಣ್ಣೂ ಸಾಮಾನ್ಯದ್ದಲ್ಲ. ಸೇಡಂ, ಚಿತ್ತಾಪುರದ ಕಡೆಯ ಎರೆ ಭೂಮಿ ತೊಗರಿಗೆ ಹೆಸರುವಾಸಿ. ಆದರೆ ಏಪ್ರಿಲ್–ಮೇ ಬಂತೆಂದರೆ ಅದು ಕೈ ಇಳಿಯುವಷ್ಟು ಬಿರಿಯುತ್ತದೆ. ತೇವ ಆರಿದ ಮಣ್ಣು ಶಾಖ ಸಾಗಿಸಲು ಒಲ್ಲೆನ್ನುತ್ತದೆ, ಬಿರುಕಿನೊಳಗೆ ಮತ್ತೆ ಗಾಳಿ. ಕೇಬಲ್ ಇರುವ ಆಳದ ನೆಲ 30 ಡಿಗ್ರಿಯ ಬದಲು 40 ಆಯಿತೆಂದರೆ ಎಕ್ಸ್‌ಎಲ್‌ಪಿಇ ಕೇಬಲ್ಲಿನ ಸಾಮರ್ಥ್ಯದಲ್ಲಿ ಇನ್ನೂ ಶೇ. 9ರಷ್ಟು ಖೋತಾ. ಕೂಲರು, ಏಸಿ ಎಲ್ಲ ಒಟ್ಟಿಗೆ ತಿರುಗುವುದೂ ಅದೇ ತಿಂಗಳಲ್ಲಿ. ಚಿಂಚೋಳಿಯ ಕೆಂಪು ಮುರುಂ ಬೇರೆ, ಶಹಾಬಾದಿನ ಫರಸಿ ಕಲ್ಲಿನ, ಅಂದರೆ ಸುಣ್ಣಕಲ್ಲಿನ, ನೆಲ ಬೇರೆ. ಎಸ್ಟಿಮೇಟ್ ಮಾತ್ರ ಐದೂ ಊರಿಗೆ ಒಂದೇ, ಹೆಸರಷ್ಟೇ ತಿದ್ದಿದ್ದು.

ಇಡಿಯಾಗಿರುವ ಸುಣ್ಣಕಲ್ಲು ಒಣಮಣ್ಣಿಗಿಂತ ಚೆನ್ನಾಗಿ ಶಾಖ ಸಾಗಿಸುತ್ತದೆ. ಅದನ್ನು ಒಡೆದು, ಚೂರುಗಳನ್ನೇ ಗುಂಡಿಗೆ ಸುರಿದರೆ ನಡುವೆ ಉಳಿಯುವುದು ಸಂದು. ಮರಳಿಗೆ ತುಸು ಸಿಮೆಂಟ್ ಬೆರೆಸಿ ಪೈಪಿನ ಸುತ್ತ ಗಟ್ಟಿಯಾಗಿ ತುಂಬಿದರೆ ಈ ತಾಪತ್ರಯ ಬಹಳ ಇಳಿಯುತ್ತದೆ. ಆದರೆ ಸಿಮೆಂಟ್ ಎಲ್ಲಿಂದ ತರುವುದು? ವಾಡಿ, ಸೇಡಂನಂಥ ಸಿಮೆಂಟ್ ಕಾರ್ಖಾನೆಯ ಊರಿನಲ್ಲಿ ಅದೊಂದು ದೊಡ್ಡ ಸಮಸ್ಯೆಯೇ ಸರಿ!

ಇದೆಲ್ಲ ಪುಸ್ತಕದ ಬದನೆಕಾಯಿ ಎನ್ನುವವರಿಗೆ ನ್ಯೂಜಿಲೆಂಡಿನ ಆಕ್ಲೆಂಡ್ ಇದೆ. 1998ರ ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಜನವರಿ–ಫೆಬ್ರುವರಿಯಲ್ಲಿ, ನಗರದ ನಡುಭಾಗಕ್ಕೆ ವಿದ್ಯುತ್ ತರುತ್ತಿದ್ದ ನಾಲ್ಕು 110 ಕೆವಿ ಭೂಗತ ಕೇಬಲ್‌ಗಳು ಒಂದರ ಹಿಂದೊಂದು ಕೈಕೊಟ್ಟವು. ಸುಮಾರು ಐದು ವಾರ ವ್ಯಾಪಾರ ಕೇಂದ್ರಕ್ಕೆ ಜನರೇಟರೇ ಗತಿ. ಅವು ಪೈಪಿನೊಳಗಿನವಲ್ಲ, ಎಣ್ಣೆ ಅಥವಾ ಗ್ಯಾಸ್ ತುಂಬಿದ ಹಳೆಯ ಕೇಬಲ್‌ಗಳು. ಆದರೂ ಒಣಗಿದ ನೆಲ, ಏರಿದ ಹೊರೆ, ಕಾಗದದ ಮೇಲಿನ ಸಾಮರ್ಥ್ಯ, ಈ ಮೂರೂ ಇಲ್ಲಿಗೆ ಪರಿಚಿತವೇ. ನಮ್ಮಲ್ಲಾದರೆ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತೆಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು.

ಅರ್ಜಿದಾರರ ಕೋರಿಕೆ ದೊಡ್ಡದೇನಲ್ಲ. ಪೈಪು ಹೂಳುವಲ್ಲಿ ಡಕ್ಟ್ ಕಾಲಂ ಓದಿ. ರಸ್ತೆ ದಾಟುವ ಹತ್ತು ಮೀಟರ್ ಮಾತ್ರ ಪೈಪು ಎಂದು ಸಮಾಧಾನ ಹೇಳಬೇಡಿ, ಇಡೀ ಕೇಬಲ್ಲಿನ ಮಿತಿ ಬಹುಪಾಲು ಆ ತುಂಡಿನಿಂದಲೇ ನಿಗದಿಯಾಗುತ್ತದೆ. ಮಣ್ಣಿನ ಪರೀಕ್ಷೆ ಮಾಡುವುದಿದ್ದರೆ ಮಳೆ ಹುಯ್ದು ನೆಲ ನೆನೆದ ಸೆಪ್ಟೆಂಬರಿನಲ್ಲಿ ಬೇಡ. ಮೇ ತಿಂಗಳ ಮಧ್ಯಾಹ್ನ ಬನ್ನಿ, ನೀರು ನಮ್ಮ ಕಡೆಯಿಂದ.

ಇಂತಿ,
ಕೇಬಲ್ಲಿನ ಹಿತೈಷಿಗಳು