ಮೂರನೇ ಸೊನ್ನೆ

ಲಾಸ್ ವೇಗಸ್‌ನ ಕ್ಯಾಸಿನೊ ಕಚೇರಿಯೊಂದರಲ್ಲಿ, ಹೊಸ ಇಸ್ಪೀಟು ಆಟ ಕಂಡುಹಿಡಿದವನು ಫೈಲು ಬಿಚ್ಚಿದ. "ಸ್ವತಂತ್ರ ಪ್ರಯೋಗಾಲಯದ ಗಣಿತ ವರದಿ ಇದು ಸಾರ್. ನೆವಾಡಾ ಗೇಮಿಂಗ್ ಕಂಟ್ರೋಲ್ ಬೋರ್ಡಿಗೂ ಅರ್ಜಿ ಹಾಕಿದ್ದೇನೆ. ಪ್ರಯೋಗಕ್ಕೆ ಆಡಿಸಿ ನೋಡಲು ನಿಮ್ಮದೊಂದು ಟೇಬಲ್ ಬೇಕು."

"ಯಾವುದನ್ನು ಎತ್ತಲಿ? ಬ್ಲಾಕ್‌ಜ್ಯಾಕ್ ಎತ್ತಿದರೆ ನನ್ನದೇ ಎತ್ತಂಗಡಿ" ಎಂದರು ಮ್ಯಾನೇಜರು.

"ಜನ ಖುಷಿಪಡ್ತಾರೆ ಸಾರ್."

"ಪಡಲಿ. ನಮಗೆಷ್ಟು ಉಳಿಯುತ್ತೆ?"

"ನೂರಕ್ಕೆ ಎರಡು."

ಮ್ಯಾನೇಜರು ಭಿಕ್ಷೆ ಪಡೆದವರ ಮುಖ ಮಾಡಿದರು. "ನಿಯಮ ಎಷ್ಟು ಪುಟ?"

"ಹನ್ನೊಂದು."

"ಡೆರೆಕ್ ವೆಬ್ ಅವರ ಥ್ರೀ ಕಾರ್ಡ್ ಪೋಕರ್ ನೋಡಿ. ಮೂರೇ ಎಲೆ. ಮೂರನೇ ಪೆಗ್ಗಿನವನಿಗೂ ಅರ್ಥವಾಗುತ್ತೆ."

"ಜೆಫ್ ಹಾಲ್ ಅವರ ಬ್ಲಾಕ್‌ಜ್ಯಾಕ್ ಸ್ವಿಚ್‌ನಲ್ಲಿ ಎಲೆ ಅದಲುಬದಲು ಮಾಡೋಕೂ ಬಿಡ್ತಾರಲ್ಲ?"

"ಬಿಡ್ತಾರೆ. ಬದಲಿಗೆ ಡೀಲರ್ 22ಕ್ಕೆ ಹೋದರೂ ಸೋಲಲ್ಲ, ಸಮ! ಉದಾರತೆ ಅಂದರೆ ಹೀಗೆ ಲೆಕ್ಕ ಹಾಕಿ ಮಾಡಬೇಕು."

ಆಟಗಾರನ ಖುಷಿಗೆ ಗಣಿತ ವರದಿಯಲ್ಲಿ ಕಾಲಂ ಇರುವುದಿಲ್ಲ, ಪಾಪ.

ಮ್ಯಾನೇಜರು ಉತ್ಸಾಹದಿಂದ ಮುಂದುವರಿಸಿದರು. "ವೆನೀಶಿಯನ್ ಕ್ಯಾಸಿನೊದವರು 2016ರಲ್ಲಿ ಮೂರು ಸೊನ್ನೆಯ ರೂಲೆಟ್ ತಂದರು. ಚಕ್ರದಲ್ಲಿ ಮನೆಗಳು 39 ಆದವು. ಒಂದೇ ಅಂಕಿಗೆ ಕಟ್ಟಿ ಗೆದ್ದವನಿಗೆ ಸಿಗೋದು ಮಾತ್ರ ಹಳೇ 35 ಪಟ್ಟು. ಎರಡು ಸೊನ್ನೆ ಇದ್ದಾಗ ಕ್ಯಾಸಿನೊ ಪಾಲು ಶೇ. 5.26, ಈಗ ಶೇ. 7.69. ಡೀಲರಿಗೆ ಹೊಸ ಪಾಠ ಬೇಡ, ಗಿರಾಕಿಗೆ ವಿವರಣೆ ಬೇಡ. ಸಂಶೋಧನೆ ಅಂದರೆ ಅದು!"

ಅವನು ಹನ್ನೊಂದು ಪುಟವನ್ನೂ ಮಡಚಿಟ್ಟ. "ಹಾಗಾದ್ರೆ ಸಾರ್... ನಾಲ್ಕನೇ ಸೊನ್ನೆ?"

"ಅಯ್ಯೋ, ನಿಂತೇ ಇದ್ದೀರಲ್ಲ! ಕೂತ್ಕೊಳ್ಳಿ. ಕಾಫಿನಾ, ಟೀನಾ?"